ಮತಸುಧಾರಣೆಯ ಕಾಲದ ವಿಟೆನ್‌ಬರ್ಗ್: ಒಂದು ಚಿಕ್ಕ ಊರಿನ ವಿಶ್ವವಿದ್ಯಾನಿಲಯ ಮತ್ತು ಅದರ ವಿದ್ಯಾರ್ಥಿಗಳು

1

ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು ಓದಿದವರಿಗೆ ವಿಟೆನ್‌ಬರ್ಗ್ ಎಂಬ ಹೆಸರು ಅಪರಿಚಿತವಲ್ಲ. ಡೆನ್ಮಾರ್ಕಿನ ರಾಜಕುಮಾರನು ವಿದ್ಯಾಭ್ಯಾಸಕ್ಕಾಗಿ ಹಿಂತಿರುಗಲು ಬಯಸುವುದು ಆ ಊರಿಗೆ. ಅವನ ಗೆಳೆಯ ಹೊರೇಷಿಯೋ ಬಂದಿರುವುದೂ ಅಲ್ಲಿಂದಲೇ. ಹ್ಯಾಮ್ಲೆಟನ ಮೂಲಕಥೆ ಆ ವಿಶ್ವವಿದ್ಯಾನಿಲಯವು ಹುಟ್ಟುವುದಕ್ಕಿಂತ ಶತಮಾನಗಳಷ್ಟು ಹಿಂದಿನದು. ಆದುದರಿಂದ ಇದು ಕಾಲವಿರುದ್ಧವೇ ಸರಿ. ಆದರೂ ಲಂಡನ್ನಿನ ಪ್ರೇಕ್ಷಕರಿಗೆ ಅದು ಅಸಹಜವಾಗಿ ತೋರಿರಲಾರದು. ಉತ್ತರ ಯುರೋಪಿನ ತರುಣರು ವಿದ್ಯೆಯನ್ನರಸಿ ವಿಟೆನ್‌ಬರ್ಗಿಗೆ ಹೋಗುವುದು ಹದಿನಾರನೆಯ ಶತಮಾನದಲ್ಲಿ ಎಲ್ಲರೂ ಬಲ್ಲ ಸಂಗತಿಯಾಗಿತ್ತು.

ಈ ವಿಶ್ವವಿದ್ಯಾನಿಲಯದ ಹೆಸರನ್ನು ನಾವು ಸಾಮಾನ್ಯವಾಗಿ ಸ್ಮರಿಸುವುದು ಮಾರ್ಟಿನ್ ಲೂಥರನು 1517ರಲ್ಲಿ ಬರೆದ ತೊಂಬತ್ತೈದು ಸೂತ್ರಗಳ ಸಂದರ್ಭದಲ್ಲಿ. ಚರಿತ್ರೆಯ ಪಠ್ಯಪುಸ್ತಕಗಳು ಅಲ್ಲಿಂದ ಮುಂದೆ ಪೋಪ್, ಚಕ್ರವರ್ತಿ ಮತ್ತು ರಾಜರ ಕಥೆಗೆ ಹೊರಳುತ್ತವೆ. ಸೂತ್ರಗಳು ಹುಟ್ಟಿದ ಪಾಠಶಾಲೆಯ ಗತಿ ಏನಾಯಿತೆಂದು ಅವು ಕೇಳುವುದಿಲ್ಲ. ವಾಸ್ತವವಾಗಿ, ತನ್ನ ತರಗತಿಯಲ್ಲಿಯೇ ಹುಟ್ಟಿದ ಚಳವಳಿಯ ರಭಸದಿಂದ ಆ ವಿದ್ಯಾಸಂಸ್ಥೆಯು ಹತ್ತು ವರ್ಷಗಳೊಳಗಾಗಿ ಬರಿದಾಗುವ ಸ್ಥಿತಿಗೆ ಬಂದಿತ್ತು. ಅದು ಹೇಗೆ ಬರಿದಾಯಿತು, ಮತ್ತೆ ಹೇಗೆ ತುಂಬಿತು ಎಂಬುದನ್ನು ವಿದ್ಯಾರ್ಥಿಗಳ ದೈನಂದಿನ ಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವಿದ್ಯಾಪೀಠವು ಸ್ಥಾಪನೆಯಾದ 1502ರಿಂದ ಫಿಲಿಪ್ ಮೆಲಾಂಕ್ಥನನು ತೀರಿಕೊಂಡ 1560ರ ವರೆಗಿನ ಕಾಲ ನಮ್ಮ ಮಿತಿ.

2

ವಿಟೆನ್‌ಬರ್ಗ್ ಎಲ್ಬೆ ನದಿಯ ದಡದಲ್ಲಿರುವ ಊರು. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿ ಎರಡು ಸಾವಿರಕ್ಕೆ ತುಸು ಮೇಲ್ಪಟ್ಟು ಜನರಿದ್ದರು. ಪಶ್ಚಿಮದ ತುದಿಯಲ್ಲಿ ಕೋಟೆ ಹಾಗೂ ಅದಕ್ಕೆ ಸೇರಿದ ಚರ್ಚು, ಪೂರ್ವದ ತುದಿಯಲ್ಲಿ ಆಗಸ್ಟೀನಿಯನ್ ಸನ್ಯಾಸಿಗಳ ಮಠ. ಇವೆರಡರ ನಡುವಿನ ದಾರಿಯನ್ನು ಕೆಲವೇ ನಿಮಿಷಗಳಲ್ಲಿ ನಡೆದು ಮುಗಿಸಬಹುದಾಗಿತ್ತು. ಇಂತಹ ಸ್ಥಳದಲ್ಲಿ ವಿಶ್ವವಿದ್ಯಾನಿಲಯವೊಂದು ಸ್ಥಾಪಿತವಾದುದಕ್ಕೆ ರಾಜಕೀಯ ಕಾರಣವಿತ್ತು. 1485ರಲ್ಲಿ ಸ್ಯಾಕ್ಸನಿಯು ಅರ್ನ್‌ಸ್ಟ್ ಮತ್ತು ಆಲ್ಬರ್ಟ್ ಎಂಬ ಇಬ್ಬರು ಸಹೋದರರಲ್ಲಿ ಹಂಚಿಹೋದಾಗ, 1409ರಷ್ಟು ಹಿಂದಿನ ಲೈಪ್‌ಜಿಗ್ ವಿಶ್ವವಿದ್ಯಾನಿಲಯವು ಆಲ್ಬರ್ಟನ ಪಾಲಿಗೆ ಬಂದಿತು. ಅರ್ನ್‌ಸ್ಟನ ಮಗನೂ, ಚಕ್ರವರ್ತಿಯನ್ನು ಆರಿಸುವ ಅಧಿಕಾರವುಳ್ಳ ಇಲೆಕ್ಟರ್ ಪ್ರಭುಗಳಲ್ಲಿ ಒಬ್ಬನೂ ಆಗಿದ್ದ ಫ್ರೆಡರಿಕನು, ತನ್ನ ನಾಡಿಗೂ ಒಂದು ವಿದ್ಯಾಪೀಠ ಬೇಕೆಂದು 1502ರಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನನ ಅನುಮತಿಪತ್ರವನ್ನು ಪಡೆದು ಇದನ್ನು ಸ್ಥಾಪಿಸಿದನು.

ಬೋಧಕರ ಜೀವನಕ್ಕೆ ಮಾಡಿದ್ದ ಏರ್ಪಾಡು ಮುಂದಿನ ಕಥೆಗೆ ಮುಖ್ಯವಾದುದು. ಕೋಟೆಯ ಚರ್ಚಿಗೆ ಸೇರಿದ ದತ್ತಿಯ ವರಮಾನದಿಂದ ಅನೇಕ ಪ್ರಾಧ್ಯಾಪಕರ ಜೀವನ ನಡೆಯುತ್ತಿತ್ತು. ಇನ್ನು ಕೆಲವು ಪೀಠಗಳಿಗೆ ಮಠವು ತನ್ನ ಸನ್ಯಾಸಿಗಳನ್ನೇ ಒದಗಿಸುತ್ತಿತ್ತು. 1512ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬೈಬಲ್ ಪೀಠವನ್ನೇರಿದ ಲೂಥರನು ಇಂತಹ ಸನ್ಯಾಸಿಗಳಲ್ಲೊಬ್ಬ. ಎಂದರೆ, ಮುಂದೆ ಯಾವ ಹಳೆಯ ವ್ಯವಸ್ಥೆಯನ್ನು ಈ ವಿದ್ಯಾಪೀಠದ ಪಂಡಿತರು ಖಂಡಿಸಲಿದ್ದರೋ, ಅದರ ಅನ್ನವನ್ನೇ ವಿದ್ಯಾಪೀಠವು ಉಣ್ಣುತ್ತಿತ್ತು.

ಆ ಕಾಲದ ವಾಡಿಕೆಯಂತೆ ಇಲ್ಲಿಯೂ ಕಲೆ, ಮತಶಾಸ್ತ್ರ, ನ್ಯಾಯ, ವೈದ್ಯ ಎಂಬ ನಾಲ್ಕು ನಿಕಾಯಗಳಿದ್ದುವು. ಹದಿಹರೆಯದ ಹುಡುಗನು ಬಂದು, ಶುಲ್ಕ ತೆತ್ತು, ರೆಕ್ಟರನ ದಾಖಲೆಯ ಪುಸ್ತಕದಲ್ಲಿ ಹೆಸರು ಬರೆಯಿಸಿಕೊಂಡರೆ ವಿದ್ಯಾರ್ಥಿಯಾಗುತ್ತಿದ್ದನು. ಪಾಠವೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಬೋಧಕನು ಮೂಲಗ್ರಂಥವನ್ನು ಓದಿ ಸಾಲುಸಾಲಿಗೆ ಅರ್ಥ ಹೇಳುವನು, ವಿದ್ಯಾರ್ಥಿಗಳು ಬರೆದುಕೊಳ್ಳುವರು. 1513ರಲ್ಲಿ ಲೂಥರನು ಕೀರ್ತನೆಗಳ ಪಾಠವನ್ನು ಆರಂಭಿಸಿದಾಗ, ಸಾಲುಗಳ ನಡುವೆಯೂ ಅಂಚಿನಲ್ಲಿಯೂ ವಿಶಾಲವಾದ ಸ್ಥಳ ಬಿಟ್ಟು ಮೂಲವನ್ನು ಪ್ರತ್ಯೇಕವಾಗಿ ಅಚ್ಚು ಮಾಡಿಸಿದನು. ಖಾಲಿ ಜಾಗದಲ್ಲಿ ವಿದ್ಯಾರ್ಥಿಗಳು ಅವನ ವ್ಯಾಖ್ಯಾನವನ್ನು ತುಂಬುತ್ತಿದ್ದರು. ಪಾಠದ ಜೊತೆಗೆ ವಾದಸಭೆಗಳಿದ್ದುವು. ಸೂತ್ರರೂಪವಾದ ವಾಕ್ಯಗಳನ್ನು ಮುಂಚಿತವಾಗಿ ಪ್ರಕಟಿಸಿ, ಒಬ್ಬನು ಅವನ್ನು ಸಮರ್ಥಿಸುವುದು, ಉಳಿದವರು ಆಕ್ಷೇಪಿಸುವುದು. ಪದವಿಯನ್ನು ಪಡೆಯಲು ಇದು ಅನಿವಾರ್ಯವಾದ ಮೆಟ್ಟಿಲು. 1517ರ ತೊಂಬತ್ತೈದು ಸೂತ್ರಗಳು ಈ ತರಗತಿಯ ರೂಪದಲ್ಲಿಯೇ ರಚಿತವಾದುವು. ಲೂಥರನು ಅವನ್ನು ಚರ್ಚಿನ ಬಾಗಿಲಿಗೆ ಮೊಳೆಹೊಡೆದು ಹಚ್ಚಿದನೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅವು ವಾದಸಭೆಗಾಗಿ ಬರೆದ ಸೂತ್ರಗಳೆಂಬುದರಲ್ಲಿ ಸಂದೇಹವಿಲ್ಲ.

3

1518ರ ಆಗಸ್ಟ್ ತಿಂಗಳಲ್ಲಿ ಗ್ರೀಕ್ ಭಾಷೆಯ ಪೀಠಕ್ಕೆ ಇಪ್ಪತ್ತೊಂದು ವರ್ಷದ ಮೆಲಾಂಕ್ಥನನು ಬಂದನು. ಸಣಕಲು ದೇಹದ, ಎಳೆಯನಂತೆ ಕಾಣುವ ಈ ತರುಣನನ್ನು ನೋಡಿ ನಿರಾಶರಾದವರು, ವಿದ್ಯಾಭ್ಯಾಸಕ್ರಮದ ಸುಧಾರಣೆಯನ್ನು ಕುರಿತು ಅವನು ಮಾಡಿದ ಪ್ರಥಮೋಪನ್ಯಾಸವನ್ನು ಕೇಳಿ ಬೆರಗಾದರು. ಭಾಷ್ಯದ ಭಾಷ್ಯಗಳನ್ನು ಬಿಟ್ಟು ಮೂಲಕ್ಕೆ ಹೋಗಬೇಕು, ಅದಕ್ಕಾಗಿ ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಚೆನ್ನಾಗಿ ಕಲಿಯಬೇಕು ಎಂಬುದು ಅವನ ವಾದದ ಸಾರ. ಒಂದೆಡೆ ಲೂಥರನ ಬೈಬಲ್ ಪಾಠ, ಇನ್ನೊಂದೆಡೆ ಮೆಲಾಂಕ್ಥನನ ಗ್ರೀಕ್ ಪಾಠ. ಕೇಳಲು ನೂರಾರು ಮಂದಿ ಕಿಕ್ಕಿರಿದು ಸೇರುತ್ತಿದ್ದರು. 1520ರ ಒಂದೇ ವರ್ಷದಲ್ಲಿ ಸುಮಾರು 580 ಮಂದಿ ಹೊಸದಾಗಿ ಹೆಸರು ಬರೆಯಿಸಿದರು. ಎರಡು ಸಾವಿರ ಜನರ ಊರಿಗೆ ಇದು ಎಂತಹ ಪ್ರವಾಹವೆಂಬುದನ್ನು ಊಹಿಸಿಕೊಳ್ಳಬಹುದು. ವಸತಿಗಳು ತುಂಬಿಹೋದುವು. ಊರಿನವರೊಡನೆ ಘರ್ಷಣೆಯೂ ತಪ್ಪಲಿಲ್ಲ: ಚಿತ್ರಕಾರ ಲೂಕಾಸ್ ಕ್ರಾನಾಖನ ಕೆಲಸಗಾರರು ಆಯುಧ ಧರಿಸಬಹುದಾಗಿದ್ದು ತಮಗೆ ಮಾತ್ರ ನಿಷೇಧವಿದ್ದುದಕ್ಕೆ ವಿದ್ಯಾರ್ಥಿಗಳು ಕೆರಳಿ, 1520ರ ಬೇಸಗೆಯಲ್ಲಿ ಇವರಿಬ್ಬರ ನಡುವೆ ಗಲಭೆಗಳಾದುವು.

ಅದೇ ವರ್ಷ ಡಿಸೆಂಬರ್ 10ರ ಬೆಳಿಗ್ಗೆ, ಮೆಲಾಂಕ್ಥನನು ಹೊರಡಿಸಿದ ಪ್ರಕಟಣೆಯಂತೆ ವಿದ್ಯಾರ್ಥಿಗಳೂ ಬೋಧಕರೂ ಎಲ್‌ಸ್ಟರ್ ಬಾಗಿಲಿನ ಹೊರಗೆ ನೆರೆದರು. ಅಲ್ಲಿ ಚರ್ಚಿನ ಶಾಸನಗ್ರಂಥಗಳನ್ನು ಬೆಂಕಿಗೆ ಹಾಕಲಾಯಿತು; ತನ್ನನ್ನು ಬೆದರಿಸಿ ಪೋಪನು ಕಳುಹಿಸಿದ್ದ ಆಜ್ಞಾಪತ್ರವನ್ನು ಲೂಥರನು ಅದೇ ಬೆಂಕಿಗೆ ಎಸೆದನು. ಬೋಧಕರು ಹಿಂತಿರುಗಿದ ಮೇಲೆಯೂ ವಿದ್ಯಾರ್ಥಿಗಳು ಆ ದಿನವೆಲ್ಲ ಅಣಕುಮೆರವಣಿಗೆಯಲ್ಲಿ ಊರು ಸುತ್ತಿದರು. ಗ್ರಂಥದಹನವು ವಿದ್ಯಾರ್ಥಿಗಳಿಗೆ ವಿನೋದವಾಗಿ ಪರಿಣಮಿಸಿದ ಆ ದಿನದ ಅರ್ಥ ಬೋಧಕರಿಗೆ ಹೊಳೆಯಲು ಇನ್ನೊಂದು ವರ್ಷ ಬೇಕಾಯಿತು.

4

1521ರಲ್ಲಿ ಚಕ್ರವರ್ತಿಯ ಸಭೆಯಿಂದ ಬಹಿಷ್ಕೃತನಾದ ಲೂಥರನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಊರಿನ ನಾಯಕತ್ವವು ಅವನ ಸಹೋದ್ಯೋಗಿ ಆಂಡ್ರಿಯಾಸ್ ಕಾರ್ಲ್‌ಸ್ಟಾಟನಿಗೆ ಬಂದಿತು. ಡಿಸೆಂಬರ್ ತಿಂಗಳ ಆರಂಭದಲ್ಲಿ ವಿದ್ಯಾರ್ಥಿಗಳೂ ಊರಿನವರೂ ಕಠಾರಿ ಹಿಡಿದು ಚರ್ಚಿಗೆ ನುಗ್ಗಿ ಪೂಜೆಯನ್ನು ಕೆಡಿಸಿದರು. ತಿಂಗಳ ಕೊನೆಗೆ ಜ್ವಿಕಾವ್ ಪಟ್ಟಣದಿಂದ ಮೂವರು ಬಂದು, ತಮಗೆ ದೇವರು ನೇರವಾಗಿ ನುಡಿಯುವನೆಂದೂ ಗ್ರಂಥಜ್ಞಾನವು ಅನವಶ್ಯಕವೆಂದೂ ಸಾರಿದರು. ಅವರಲ್ಲಿ ಒಬ್ಬನು ಇಲ್ಲಿಯ ಹಳೆಯ ವಿದ್ಯಾರ್ಥಿಯೇ. ಮೆಲಾಂಕ್ಥನನು ಅವನಿಗೆ ತನ್ನ ಮನೆಯಲ್ಲಿಯೇ ಆಶ್ರಯ ಕೊಟ್ಟಿದ್ದನು. ಊರಿನ ಬಾಲಕರ ಶಾಲೆಯ ಉಪಾಧ್ಯಾಯನು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋಗಿರೆಂದು ತಂದೆತಾಯಿಗಳಿಗೆ ಹೇಳಿದನು, ಶಾಲೆಯು ಮುಚ್ಚಿತು. 1522ರ ಮಾರ್ಚಿಯಲ್ಲಿ ಲೂಥರನು ಹಿಂತಿರುಗಿ, ಎಂಟು ದಿನಗಳ ಕಾಲ ಒಂದೇ ಸಮನೆ ಉಪದೇಶ ಮಾಡಿ ಶಾಂತಿಯನ್ನು ತಂದನು. ಆದರೆ ಕಾರ್ಲ್‌ಸ್ಟಾಟನ ಮನಸ್ಸು ತಿರುಗಲಿಲ್ಲ. ಯಾರನ್ನೂ ಗುರುವೆಂದು ಕರೆಯಬೇಡಿರೆಂಬ ಬೈಬಲ್ ವಚನವನ್ನು ಆಧಾರವಾಗಿಟ್ಟುಕೊಂಡು, 1523ರಲ್ಲಿ ಅವನು ಇನ್ನು ಮುಂದೆ ಯಾರಿಗೂ ಪದವಿ ನೀಡುವುದಿಲ್ಲವೆಂದು ಘೋಷಿಸಿದನು. ಅನಂತರ ತನ್ನ ಡಾಕ್ಟರ್ ಬಿರುದನ್ನು ತ್ಯಜಿಸಿ, ರೈತರಂತೆ ಬೂದುಬಣ್ಣದ ಒರಟು ಬಟ್ಟೆ ತೊಟ್ಟು, ಹಳ್ಳಿಯವರಿಂದ 'ಸಹೋದರ ಆಂಡ್ರಿಯಾಸ್' ಎಂದು ಕರೆಯಿಸಿಕೊಂಡನು.

ಕಾರ್ಲ್‌ಸ್ಟಾಟನ ನಡತೆಯನ್ನು ಹುಚ್ಚೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಪ್ರಶ್ನೆಯಲ್ಲಿ ಸತ್ತ್ವವಿತ್ತು. ವಿಶ್ವಾಸಿಗಳೆಲ್ಲರೂ ದೇವರೆದುರಿಗೆ ಪುರೋಹಿತರೇ ಎಂಬುದು ಲೂಥರನ ಬೋಧೆ. ಹಾಗಾದಮೇಲೆ ಪಂಡಿತನಿಗೂ ಪಾಮರನಿಗೂ ಅಂತರವೇಕೆ? ಪದವಿ, ನಿಲುವಂಗಿ, ಟೋಪಿಗಳೇಕೆ? ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಟ್ಟರೆ ಸಾಲದಾಗಿತ್ತು.

ಅಷ್ಟರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಲೇ ಇತ್ತು. 1526 ಮತ್ತು 1527ರಲ್ಲಿ ಹೊಸದಾಗಿ ಸೇರಿದವರು ವರ್ಷಕ್ಕೆ ನೂರಕ್ಕಿಂತಲೂ ಕಡಮೆ. ಇದಕ್ಕೆ ಕಾರಣಗಳು ಹಲವು. ನೆರೆಯ ಸ್ಯಾಕ್ಸನಿಯ ದೊರೆ ಜಾರ್ಜನು ತನ್ನ ಪ್ರಜೆಗಳ ಮಕ್ಕಳು ಅಲ್ಲಿ ಓದಕೂಡದೆಂದು ಆಜ್ಞಾಪಿಸಿದನು. 1525ರಲ್ಲಿ ರೈತರ ದಂಗೆ, ಅದೇ ವರ್ಷ ಫ್ರೆಡರಿಕನ ಮರಣ, 1527ರಲ್ಲಿ ಪ್ಲೇಗು. ಇವೆಲ್ಲಕ್ಕಿಂತ ಆಳವಾದ ಕಾರಣ ಬೇರೊಂದು. ಮಧ್ಯಯುಗದಲ್ಲಿ ಮಗನನ್ನು ಓದಿಸುವ ತಂದೆಯ ಕಣ್ಣು ಚರ್ಚಿನ ವೃತ್ತಿಯ ಮೇಲೆ ಇರುತ್ತಿತ್ತು. ಮಠಗಳು ಮುಚ್ಚಿ, ಪೂಜಾದತ್ತಿಗಳು ನಿಂತುಹೋದ ಮೇಲೆ, ಓದಿ ಮಾಡುವುದೇನು ಎಂದು ಜನರು ಕೇಳತೊಡಗಿದರು. ಈ ಇಳಿತವು ವಿಟೆನ್‌ಬರ್ಗಿಗೆ ಮಾತ್ರ ಸೀಮಿತವಾಗಿರಲಿಲ್ಲ. ಎರ್‌ಫರ್ಟ್, ಲೈಪ್‌ಜಿಗ್ ಮೊದಲಾದ ಕಡೆಗಳಲ್ಲಿಯೂ ತರಗತಿಗಳು ತೆರವಾದುವು. ಆದರೆ ದೋಷವು ತನ್ನದೆಂಬ ಅಪವಾದವನ್ನು ಹೊರಬೇಕಾದುದು ವಿಟೆನ್‌ಬರ್ಗ್.

5

ಪುನರುಜ್ಜೀವನದ ಕಾರ್ಯವು ಮೂರು ನೆಲೆಗಳಲ್ಲಿ ನಡೆಯಿತು. ಮೊದಲನೆಯದು ಲೋಕಾಭಿಪ್ರಾಯವನ್ನು ತಿದ್ದುವುದು. 1524ರಲ್ಲಿ ಲೂಥರನು ಜರ್ಮನಿಯ ಎಲ್ಲ ನಗರಗಳ ಸಭೆಗಳಿಗೆ ಒಂದು ಬಹಿರಂಗಪತ್ರವನ್ನು ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳನ್ನೂ ಗ್ರಂಥಭಂಡಾರಗಳನ್ನೂ ಸ್ಥಾಪಿಸಬೇಕೆಂದು ಒತ್ತಾಯಪಡಿಸಿದನು. ರಸ್ತೆ, ಸೇತುವೆ, ಆಯುಧಗಳಿಗೆ ಅಷ್ಟು ವೆಚ್ಚಮಾಡುವವರು ಒಬ್ಬಿಬ್ಬರು ಉಪಾಧ್ಯಾಯರನ್ನು ಸಾಕಲಾರರೇ ಎಂಬುದು ಅವನ ಪ್ರಶ್ನೆ. 1528ರಲ್ಲಿ ಗ್ರಾಮಗಳ ಚರ್ಚುಗಳನ್ನು ಪರಿಶೀಲಿಸಿದಾಗ ಅನೇಕ ಪಾದ್ರಿಗಳ ಅಜ್ಞಾನವು ಬಯಲಾಯಿತು. ಓದಿದ ಪಾದ್ರಿ ಬೇಕು, ಓದಿದ ಉಪಾಧ್ಯಾಯ ಬೇಕು, ಆಡಳಿತಕ್ಕೆ ನ್ಯಾಯಶಾಸ್ತ್ರ ಬಲ್ಲವರು ಬೇಕು ಎಂಬುದು ಪ್ರಭುಗಳಿಗೂ ಮನದಟ್ಟಾಯಿತು. ಹೀಗೆ ಹಳೆಯ ವೃತ್ತಿಗಳ ಸ್ಥಾನದಲ್ಲಿ ಹೊಸ ವೃತ್ತಿಗಳು ಹುಟ್ಟಿ, ತಂದೆಯರ ಪ್ರಶ್ನೆಗೆ ಉತ್ತರವಾದುವು.

ಎರಡನೆಯದು ತರಗತಿಯ ಸುಧಾರಣೆ. 1523ರಲ್ಲಿ ರೆಕ್ಟರನಾಗಿದ್ದ ಮೆಲಾಂಕ್ಥನನು, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಬೋಧಕನ ಮೇಲ್ವಿಚಾರಣೆಗೆ ಒಳಪಡಬೇಕೆಂದೂ ಅವನು ಯಾವ ಪಾಠಗಳನ್ನು ಕೇಳಬೇಕೆಂಬುದನ್ನು ಆ ಬೋಧಕನೇ ಗೊತ್ತುಮಾಡಬೇಕೆಂದೂ ನಿಯಮ ಮಾಡಿದನು. ವಾದಸಭೆಗಳ ಬದಲಿಗೆ ಭಾಷಣಾಭ್ಯಾಸಗಳು ಬಂದುವು. ಮತಶಾಸ್ತ್ರದಲ್ಲಿ 1525ರಿಂದ ನಿಂತುಹೋಗಿದ್ದ ಡಾಕ್ಟರ್ ಪದವಿಪ್ರದಾನವು 1533ರಲ್ಲಿ ಹೊಸ ನಿಯಮಾವಳಿಯೊಡನೆ ಮತ್ತೆ ಆರಂಭವಾಯಿತು. ಆ ಸಮಾರಂಭಕ್ಕೆ ಇಲೆಕ್ಟರ್ ಜಾನ್ ಫ್ರೆಡರಿಕನು ತಾನೇ ಬಂದಿದ್ದನು. ಹಳೆಯ ವಾದಸಭೆಗಳೂ ಮರಳಿ ಬಂದುವು. 1536ರಲ್ಲಿ ಹಳೆಯ ಚರ್ಚುದತ್ತಿಯ ವರಮಾನವೇ ಮುಖ್ಯ ಆಧಾರವಾಗಿ ವಿಶ್ವವಿದ್ಯಾನಿಲಯಕ್ಕೆ ಸ್ಥಿರವಾದ ನಿಧಿ ಏರ್ಪಟ್ಟಿತು. ಕಾರ್ಲ್‌ಸ್ಟಾಟನು ಎಸೆದುಹೋಗಿದ್ದ ಬಿರುದನ್ನು ಅವನ ಸಹೋದ್ಯೋಗಿಗಳು ಎತ್ತಿ ತೊಳೆದು ಮತ್ತೆ ಬಳಕೆಗೆ ತಂದರೆನ್ನಬಹುದು. ಪದವಿಯು ಇನ್ನು ಪವಿತ್ರತೆಯ ಗುರುತಲ್ಲ, ಯೋಗ್ಯತೆಯ ಗುರುತು ಎಂಬುದು ಅವರ ಸಮರ್ಥನೆ.

ಮೂರನೆಯ ನೆಲೆ ಮನೆ. ನಿಯಮಾವಳಿಗಳಲ್ಲಿ ಅದಕ್ಕೆ ದೊರೆತಿರುವ ಸ್ಥಾನ ಅಲ್ಪ. ವಿದ್ಯಾರ್ಥಿಗಳ ಜೀವನದಲ್ಲಿ ಅದರ ಸ್ಥಾನ ದೊಡ್ಡದು. ವಿದ್ಯಾರ್ಥಿಗಳು ಒಟ್ಟಾಗಿ ವಾಸಿಸುತ್ತಿದ್ದ ಹಳೆಯ ವಸತಿಗೃಹಗಳ ಪ್ರಾಮುಖ್ಯ ಕುಗ್ಗಿದಂತೆ ಅನೇಕರು ಪ್ರಾಧ್ಯಾಪಕರ ಮನೆಗಳಲ್ಲಿ ಹಣ ಕೊಟ್ಟು ಊಟ ವಸತಿಗಳನ್ನು ಪಡೆದರು. ಪ್ರಾಧ್ಯಾಪಕರು ಗೃಹಸ್ಥರಾದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಮೆಲಾಂಕ್ಥನನು ಮನೆಯಲ್ಲಿ ಎಳೆಯ ವಿದ್ಯಾರ್ಥಿಗಳಿಗಾಗಿ ಹಲವು ವರ್ಷ ಒಂದು ಶಾಲೆಯನ್ನೇ ನಡೆಸಿದನು. ಅಲ್ಲಿಯ ಹುಡುಗರು ಪ್ಲೌಟಸ್, ಟೆರೆನ್ಸ್ ಇವರ ನಾಟಕಗಳನ್ನು ಆಡುತ್ತಿದ್ದರು. ಜರ್ಮನ್ ಭಾಷೆಯ ಉಪದೇಶವನ್ನು ತಿಳಿಯಲಾರದ ಹಂಗೆರಿಯ ವಿದ್ಯಾರ್ಥಿಗಳಿಗಾಗಿ ಅವನು ಮುಂದೆ ಭಾನುವಾರಗಳಂದು ಲ್ಯಾಟಿನಿನಲ್ಲಿ ಬೈಬಲ್ ಪಾಠವನ್ನೂ ಆರಂಭಿಸಿದನು.

ಲೂಥರನ ಮನೆಯೆಂದರೆ ಅವನು ಹಿಂದೆ ಸನ್ಯಾಸಿಯಾಗಿದ್ದ ಮಠವೇ. 1525ರಲ್ಲಿ ಅವನನ್ನು ಮದುವೆಯಾದ ಕಾಥರೀನಾ ಫಾನ್ ಬೋರಾ ಹಿಂದೆ ಸನ್ಯಾಸಿನಿಯಾಗಿದ್ದವಳು. ಖಾಲಿಬಿದ್ದಿದ್ದ ಮಠದ ಕೋಣೆಗಳನ್ನು ಆಕೆ ವಿದ್ಯಾರ್ಥಿಗಳ ವಸತಿಯನ್ನಾಗಿ ಮಾಡಿದಳು. ತೋಟ, ದನಕರು, ಮೀನುಕೊಳ ಇವುಗಳ ಜೊತೆಗೆ ಮನೆಗೆ ಬೇಕಾದ ಬಿಯರನ್ನು ತಯಾರಿಸುವುದೂ ಆಕೆಯ ಕೆಲಸ. ಊಟದ ವೇಳೆ ಲೂಥರನು ಆಡಿದ ಮಾತುಗಳನ್ನು 1531ರ ಸುಮಾರಿನಿಂದ ಸಹಭೋಜಿಗಳು ಬರೆದುಕೊಳ್ಳತೊಡಗಿದರು. ಇವೇ 1566ರಲ್ಲಿ ಅಚ್ಚಾದ 'ಭೋಜನಕಾಲದ ಸಂಭಾಷಣೆಗಳು'. ಅರ್ಧ ಲ್ಯಾಟಿನ್, ಅರ್ಧ ಜರ್ಮನ್ ಆಗಿರುವ ಆ ಟಿಪ್ಪಣಿಗಳಲ್ಲಿ ಮತತತ್ತ್ವದಿಂದ ಹಿಡಿದು ಹವಾಮಾನದವರೆಗೆ ಎಲ್ಲವೂ ಇದೆ. ಈ ಬರವಣಿಗೆಗೆ ಹುಡುಗರಿಂದ ಹಣ ತೆಗೆದುಕೊಳ್ಳಬೇಕೆಂದು ಕಾಥರೀನಾ ಹೇಳಿದುದೂ, ಮೂವತ್ತು ವರ್ಷ ಬಿಟ್ಟಿಯಾಗಿ ಕಲಿಸಿದವನು ಮುಪ್ಪಿನಲ್ಲಿ ಮಾರಾಟಕ್ಕೆ ಏಕೆ ತೊಡಗಲೆಂದು ಲೂಥರನು ಉತ್ತರಿಸಿದುದೂ ಅವುಗಳಲ್ಲಿಯೇ ದಾಖಲೆಯಾಗಿವೆ. ಮನೆಯ ಲೆಕ್ಕವನ್ನು ನಿಜವಾಗಿ ನೋಡುತ್ತಿದ್ದವರು ಯಾರೆಂಬುದು ಈ ಪ್ರಸಂಗದಿಂದ ತಿಳಿಯುತ್ತದೆ. ಇದನ್ನು ಗುರುಕುಲವೆಂದು ಕರೆಯಲು ನಮಗೆ ಮನಸ್ಸಾಗುವುದು ಸಹಜ. ಆದರೆ ಇಲ್ಲಿ ಶಿಷ್ಯನು ಕೊಡುತ್ತಿದ್ದುದು ಶುಶ್ರೂಷೆಯನ್ನಲ್ಲ, ಹಣವನ್ನು. ಆ ಹಣದಿಂದಲೇ ಮನೆ ನಡೆಯಬೇಕಾಗಿತ್ತು.

ಈ ಸಮುದಾಯದ ಬಲವು ಪರೀಕ್ಷೆಗೊಳಗಾದುದು 1527ರ ಪ್ಲೇಗಿನಲ್ಲಿ. ವಿಶ್ವವಿದ್ಯಾನಿಲಯವು ಯೇನಾ ಪಟ್ಟಣಕ್ಕೆ ತೆರಳಿತು. ಲೂಥರ್ ಮತ್ತು ಊರ ಪಾದ್ರಿ ಬೂಗೆನ್‌ಹಾಗೆನ್ ಮಾತ್ರ ಹೋಗದೆ ನಿಂತರು. ಉಳಿದ ಕೆಲವರಿಗೆ ಲೂಥರನು ಪಾಠವನ್ನು ಮುಂದುವರಿಸಿದನು. ಅವನ ಮನೆ ರೋಗಿಗಳ ಆಶ್ರಯವಾಯಿತು.

6

1540ರ ದಶಕದ ವೇಳೆಗೆ ವಿಟೆನ್‌ಬರ್ಗ್ ಜರ್ಮನಿಯಲ್ಲಿಯೇ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಸೆಳೆಯುವ ವಿದ್ಯಾಕೇಂದ್ರವಾಗಿತ್ತು. ಊರು ಮಾತ್ರ ಚಿಕ್ಕದಾಗಿಯೇ ಉಳಿಯಿತು. ಇಲ್ಲಿ 1536ರಿಂದ 1539ರ ವರೆಗೆ ಓದಿದ ಮಿಕಾಯೆಲ್ ಅಗ್ರಿಕೊಲನು ಸ್ವದೇಶಕ್ಕೆ ಮರಳಿ ಫಿನ್ನಿಷ್ ಭಾಷೆಯ ಮೊದಲ ಅಕ್ಷರಮಾಲೆಯ ಪುಸ್ತಕವನ್ನು ಅಚ್ಚುಹಾಕಿಸಿದನು. 1548ರಲ್ಲಿ ಹೊಸ ಒಡಂಬಡಿಕೆಯನ್ನು ಆ ಭಾಷೆಯಲ್ಲಿ ಪ್ರಕಟಿಸಿದನು. ಡೆನ್ಮಾರ್ಕಿನ ಪೇಡರ್ ಪಲಾಡಿಯಸನು ಇಲ್ಲಿ ಡಾಕ್ಟರ್ ಪದವಿ ಪಡೆದು 1537ರಲ್ಲಿ ತನ್ನ ದೇಶದಲ್ಲಿ ಬಿಷಪ್ಪನಾದನು. ಅದೇ ವರ್ಷ ಬೂಗೆನ್‌ಹಾಗೆನನು ಕೋಪನ್‌ಹೇಗನ್ನಿಗೆ ಹೋಗಿ ಅಲ್ಲಿಯ ವಿಶ್ವವಿದ್ಯಾನಿಲಯವನ್ನು ಮತ್ತೆ ತೆರೆದನು. ಹ್ಯಾಮ್ಲೆಟನ ವಿಟೆನ್‌ಬರ್ಗಿಗೆ ಹಿನ್ನೆಲೆ ಇದು. ಗಣಿತದ ಪ್ರಾಧ್ಯಾಪಕ ರೆಟಿಕಸನು 1539ರಲ್ಲಿ ಕೊಪರ್ನಿಕಸನನ್ನು ಕಂಡು, ಅವನ ಹೊಸ ಖಗೋಳಸಿದ್ಧಾಂತದ ಮೊದಲ ಮುದ್ರಿತ ವಿವರಣೆಯನ್ನು 1540ರಲ್ಲಿ ಹೊರತಂದನು. ಮೆಲಾಂಕ್ಥನನು ಆ ಸಿದ್ಧಾಂತವನ್ನು ಒಪ್ಪಲಿಲ್ಲ. ಆದರೂ ರೆಟಿಕಸನ ಸಹೋದ್ಯೋಗಿ ರೈನ್‌ಹೋಲ್ಡನು ಅದರ ಗಣಿತವನ್ನು ಬಳಸಿ 1551ರಲ್ಲಿ ಗ್ರಹಗತಿಯ ಕೋಷ್ಟಕಗಳನ್ನು ಪ್ರಕಟಿಸಲು ಅಡ್ಡಿಯಾಗಲಿಲ್ಲ.

ಇಷ್ಟನ್ನು ಹೇಳಿ, ಈ ಸಮುದಾಯದ ಎಲ್ಲೆಗಳನ್ನು ಹೇಳದೆ ಬಿಡುವುದು ನ್ಯಾಯವಲ್ಲ. 1538ರಲ್ಲಿ ಸೈಮನ್ ಲೆಮ್ನಿಯಸ್ ಎಂಬ ತರುಣಕವಿ, ಮೆಲಾಂಕ್ಥನನ ಪ್ರತಿಭಾವಂತ ಶಿಷ್ಯ, ಒಂದು ಚಾಟುಪದ್ಯಗಳ ಸಂಗ್ರಹವನ್ನು ಅಚ್ಚುಹಾಕಿಸಿದನು. ಅದರಲ್ಲಿ ಲೂಥರನ ಹಳೆಯ ವಿರೋಧಿಯಾದ ಮೈಂಟ್ಸಿನ ಆರ್ಚ್‌ಬಿಷಪ್ಪನ ಸ್ತುತಿಯಿತ್ತು. ಲೂಥರನು ಕ್ರುದ್ಧನಾಗಿ ಚರ್ಚಿನಲ್ಲಿಯೇ ಅವನನ್ನು ಖಂಡಿಸಿದನು. ಕವಿಯು ಊರು ಬಿಟ್ಟು ಓಡಿದನು. ವಿಶ್ವವಿದ್ಯಾನಿಲಯವು ಅವನನ್ನು ಬಹಿಷ್ಕರಿಸಿತು. ಪೋಪನ ಆಜ್ಞೆಯನ್ನು ಸುಟ್ಟ ಊರು ಒಬ್ಬ ವಿದ್ಯಾರ್ಥಿಯ ಪದ್ಯಗಳನ್ನು ಸಹಿಸಲಿಲ್ಲ. ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಲೂಥರನು 1543ರಲ್ಲಿ ಬರೆದ ಪುಸ್ತಕವೂ ಈ ಊರಿನಿಂದಲೇ ಹೊರಬಂದಿತು. ಹೆಣ್ಣುಮಕ್ಕಳಿಗೆ ಶಾಲೆ ಬೇಕೆಂದು ವಾದಿಸಿದವರು ವಿಶ್ವವಿದ್ಯಾನಿಲಯದ ಬಾಗಿಲನ್ನು ಅವರಿಗೆ ತೆರೆಯಲಿಲ್ಲ. ಎಷ್ಟೋ ವಿದ್ಯಾರ್ಥಿಗಳಿಗೆ ಅನ್ನ ಹಾಕಿದ ಕಾಥರೀನಾಳ ಹೆಸರು ದಾಖಲೆಯ ಪುಸ್ತಕದಲ್ಲಿರುವುದು ಸಾಧ್ಯವಿರಲಿಲ್ಲ.

ಲೂಥರನು 1546ರ ಫೆಬ್ರವರಿಯಲ್ಲಿ ತೀರಿಕೊಂಡನು. ಅದೇ ವರ್ಷ ಯುದ್ಧವು ಆರಂಭವಾಗಿ ವಿಶ್ವವಿದ್ಯಾನಿಲಯವು ಮುಚ್ಚಿತು. 1547ರ ಏಪ್ರಿಲ್‌ನಲ್ಲಿ ಮ್ಯೂಲ್‌ಬರ್ಗ್ ಕದನದಲ್ಲಿ ಸೋತ ಜಾನ್ ಫ್ರೆಡರಿಕನು ಇಲೆಕ್ಟರ್ ಪದವಿಯನ್ನೂ ವಿಟೆನ್‌ಬರ್ಗನ್ನೂ ಕಳೆದುಕೊಂಡನು. ಎರಡೂ ಅವನ ಬಂಧು ಮೋರಿಸನ ಕೈಸೇರಿದುವು. ಸೋತ ಮನೆತನವು ಯೇನಾದಲ್ಲಿ ಹೊಸ ವಿದ್ಯಾಶಾಲೆಯನ್ನು ತೆರೆಯಲು ಯೋಚಿಸಿ ಮೆಲಾಂಕ್ಥನನನ್ನು ಆಹ್ವಾನಿಸಿತು. ಅವನು ವಿಟೆನ್‌ಬರ್ಗಿಗೇ ಹಿಂತಿರುಗಿ, ಹೊಸ ಪ್ರಭುವಿನ ಕೆಳಗೆ ತರಗತಿಗಳನ್ನು ತೆರೆದನು. ಹಳೆಯ ಗೆಳೆಯರಲ್ಲಿ ಕೆಲವರು ಇದನ್ನು ದ್ರೋಹವೆಂದರು. ಪ್ರಭುನಿಷ್ಠೆಗಿಂತ ಪಾಠವು ನಿಲ್ಲದಿರುವುದು ಅವನಿಗೆ ಮುಖ್ಯವಾಗಿ ಕಂಡಿತೆಂದು ತೋರುತ್ತದೆ. ಕಾಥರೀನಾ 1552ರಲ್ಲಿ ಇನ್ನೊಂದು ಪ್ಲೇಗಿನಿಂದ ತಪ್ಪಿಸಿಕೊಂಡು ಹೋಗುವಾಗ ಗಾಡಿಯ ಅಪಘಾತಕ್ಕೆ ಸಿಕ್ಕಿ ಟೋರ್ಗಾವ್ ಪಟ್ಟಣದಲ್ಲಿ ತೀರಿಕೊಂಡಳು. 1560ರಲ್ಲಿ ತೀರಿಕೊಂಡ ಮೆಲಾಂಕ್ಥನನ ಸಮಾಧಿಯು ಕೋಟೆಯ ಚರ್ಚಿನಲ್ಲಿ ಲೂಥರನ ಸಮಾಧಿಯ ಎದುರಿಗಿದೆ.

ವಿಟೆನ್‌ಬರ್ಗಿನ ಪಾಠಗಳು ನೆಪೋಲಿಯನನ ಯುದ್ಧಗಳ ಕಾಲದಲ್ಲಿ ನಿಂತುಹೋಗಿ, 1817ರಲ್ಲಿ ವಿಶ್ವವಿದ್ಯಾನಿಲಯವು ಹಾಲೆಯ ವಿಶ್ವವಿದ್ಯಾನಿಲಯದೊಡನೆ ಸೇರಿಹೋಯಿತು. ಅದರ ಚರಿತ್ರೆಯಿಂದ ಅಧ್ಯಾಪಕವರ್ಗವು ಗಮನಿಸಬೇಕಾದುದು ಇಷ್ಟು. ವಿದ್ಯೆಯಿಂದ ಹುಟ್ಟಿದ ಚಳವಳಿಯು ವಿದ್ಯೆಯನ್ನು ಉಳಿಸುವುದೆಂಬ ಭರವಸೆ ಇಲ್ಲ. 1520ರಲ್ಲಿ ತುಂಬಿದ್ದ ತರಗತಿಗಳು 1527ರಲ್ಲಿ ಬರಿದಾಗಿದ್ದುವು. ಅವನ್ನು ಮತ್ತೆ ತುಂಬಿದುದು ಸೂತ್ರಗಳ ಕೀರ್ತಿಯೊಂದೇ ಅಲ್ಲ. ವಿದ್ಯಾರ್ಥಿಯ ಓದನ್ನು ಗಮನಿಸುವ ಒಬ್ಬ ಬೋಧಕ, ಓದಿದವನಿಗೆ ಒಂದು ಉದ್ಯೋಗ, ಬೋಧಕನಿಗೆ ನಿಶ್ಚಿತವಾದ ಸಂಬಳ, ಹೊತ್ತಿಗೆ ಸರಿಯಾಗಿ ಬಡಿಸುವ ಒಂದು ಮನೆ ಇವೂ ಅದಕ್ಕೆ ಬೇಕಾದುವು.